ತೋಟದೊಳಗೇ ಮನೆ ಇರುವವರಿಗೆ ದಣಿವು ಆರುವುದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನನಗೆ 39 ವರ್ಷ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ, ಅಂದರೆ ಆಳು, ಲೆಕ್ಕ ನೋಡಿಕೊಳ್ಳುವ ಕೆಲಸ, ತೋಟದ ಕ್ವಾರ್ಟರ್ಸ್‌ನಲ್ಲೇ ಮನೆ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಈಗ ಕೊಯ್ಲು. ದಿನವಿಡೀ ಏರಿನಲ್ಲಿ ಹತ್ತಿ ಇಳಿದು, ಸಂಜೆ ಹಣ್ಣು ತೂಕ ಹಾಕಿಸಿ, ಲೆಕ್ಕ ಬರೆದು ಮನೆ ಸೇರುವಾಗ ಆರೂವರೆ. ಒಂದು ದೊಡ್ಡ ಲೋಟ ಕಾಫಿ ಕುಡಿದು ದಿವಾನದ ಮೇಲೆ ಬಿದ್ದರೆ ಮೊಬೈಲ್ ನೋಡುತ್ತಲೇ ಹನ್ನೆರಡಾಗುತ್ತದೆ. ನಡುವೆ ಸಾಹುಕಾರ್ರ ಫೋನ್ ಎರಡು ಮೂರು ಸಲ. ಮಲಗಿದ ಮೇಲೂ ತಲೆಯಲ್ಲಿ ಕೆಜಿ ಲೆಕ್ಕ ಓಡುತ್ತಿರುತ್ತದೆ. ಶನಿವಾರ ಮೂರು ಪೆಗ್ ಹಾಕಿದರೆ ಮಾತ್ರ ಚೆನ್ನಾಗಿ ನಿದ್ದೆ. ಮಗಳು ಏನಾದರೂ ಕೇಳಿದರೆ ಸುಮ್ಮನೆ ರೇಗುತ್ತೇನೆ, ಆಮೇಲೆ ಬೇಜಾರಾಗುತ್ತದೆ. ಸಂಜೆ ಅಷ್ಟು ಹೊತ್ತು ಮಲಗಿಯೇ ಇದ್ದರೂ ದಣಿವು ಯಾಕೆ ಆರುವುದಿಲ್ಲ? ಮೆಡಿಕಲ್ ಶಾಪಿನವರು ಒಂದು ಟಾನಿಕ್ ಕೊಟ್ಟಿದ್ದಾರೆ, ಕುಡಿಯಲೇ?

ಉತ್ತರ: ಮಡಿಕೇರಿಯಲ್ಲಿ ಆಫೀಸು, ಮೂರ್ನಾಡಿನಲ್ಲಿ ಮನೆ ಇರುವವರಿಗೆ ಸಂಜೆ ಬಸ್ಸಿನಲ್ಲಿ ಕೂತು ಬರುವ ಒಂದಷ್ಟು ಹೊತ್ತು ಸಿಗುತ್ತದೆ. ರಶ್ಶನ್ನು ಬೈದುಕೊಂಡೇ ಬರುತ್ತಾರೆ. ಆದರೂ ಬಸ್ಸು ಇಳಿಯುವಷ್ಟರಲ್ಲಿ ಆಫೀಸು ಅರ್ಧ ಮರೆತಿರುತ್ತದೆ. ನಿಮಗೆ ಆ ಹೊತ್ತೇ ಇಲ್ಲ. ಕಣದಿಂದ ಮನೆ ಬಾಗಿಲಿಗೆ ಕೂಗಿದರೆ ಕೇಳುವಷ್ಟು ದೂರ. ದಿವಾನದ ಮೇಲೆ ಮಲಗಿದರೆ ಕಿಟಕಿಯಲ್ಲಿ ಕಾಣುವುದು ನಾಳೆ ಕೊಯ್ಯಬೇಕಾದ ಗಿಡಗಳೇ, ಕೈಯಲ್ಲಿರುವುದು ಸಾಹುಕಾರ್ರ ಫೋನ್ ಬರುವ ಮೊಬೈಲೇ. ಹಾಗಾಗಿ ಮೈ ಮಲಗಿದ್ದರೂ ನೀವು ಡ್ಯೂಟಿಯಿಂದ ಇಳಿದೇ ಇಲ್ಲ. ದಣಿವು ಆರದಿರಲು ಮುಖ್ಯ ಕಾರಣ ಇದು ಎಂದು ನನಗನ್ನಿಸುತ್ತದೆ. ಕಾಫಿ, ಮೊಬೈಲ್, ಪೆಗ್ಗು ಎಲ್ಲವೂ ಆಮೇಲಿನವು.

ನಿಮ್ಮಲ್ಲಿ ಎರಡು ಬಗೆಯ ದಣಿವು ಒಟ್ಟಿಗೆ ಇವೆ. ಒಂದು ಮೈಯದು. ಏರು ಹತ್ತುವುದಕ್ಕಿಂತ ಇಳಿಯುವುದು ಸ್ನಾಯುಗಳಿಗೆ ಹೆಚ್ಚು ಪೆಟ್ಟು ಕೊಡುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆದುಕೊಳ್ಳಬೇಕು, ಅದರ ಎಳೆಗಳಲ್ಲಿ ಸೂಕ್ಷ್ಮವಾದ ಗಾಯಗಳಾಗುತ್ತವೆ. ಕೊಯ್ಲು ಶುರುವಾದ ಮೊದಲ ವಾರದಲ್ಲಿ ಒಂದೆರಡು ದಿನ ಕಳೆದ ಮೇಲೆ ಕಾಲು ಹಿಡಿದುಕೊಳ್ಳುವುದು ಅದಕ್ಕೇ. ಈ ದಣಿವಿಗೆ ಮಲಗುವುದು, ಉಣ್ಣುವುದು, ನಿದ್ದೆ ಸಾಕು. ಇನ್ನೊಂದು ತಲೆಯದು. ಯಾರ ತೂಕ ಎಷ್ಟು, ಯಾವ ಬ್ಲಾಕಿಗೆ ನಾಳೆ ಎಷ್ಟು ಆಳು, ಅಸ್ಸಾಮಿನ ಗುಂಪು ಮತ್ತು ಊರಿನವರ ನಡುವಿನ ಜಗಳ, ಮಳೆ ಮೋಡ ಕಂಡರೆ ಕಣದಲ್ಲಿ ಹರಡಿದ ಕಾಫಿಯ ಚಿಂತೆ. ಮಲಗಿದರೆ ಈ ದಣಿವು ಕಡಿಮೆಯಾಗುವುದಿಲ್ಲ. ಎಷ್ಟೋ ಸಲ ಜಾಸ್ತಿಯೇ ಆಗುತ್ತದೆ, ಯಾಕೆಂದರೆ ಸುಮ್ಮನೆ ಮಲಗಿದವನ ತಲೆಗೆ ಬೇರೆ ಕೆಲಸವಿಲ್ಲ.

ಜರ್ಮನಿಯ ಮನಃಶಾಸ್ತ್ರಜ್ಞೆ ಸಬೀನ್ ಸೊನೆನ್‌ಟಾಗ್ ಮತ್ತು ಅವರ ಸಹೋದ್ಯೋಗಿ ಷಾರ್ಲಟ್ ಫ್ರಿಟ್ಜ್ 2007ರಲ್ಲಿ ಕೆಲಸದ ನಂತರದ ಚೇತರಿಕೆಯನ್ನು ನಾಲ್ಕು ಅನುಭವಗಳಾಗಿ ಬಿಡಿಸಿಟ್ಟರು: ಮನಸ್ಸು ಕೆಲಸದಿಂದ ಕಳಚಿಕೊಳ್ಳುವುದು, ಮೈಮನಸ್ಸು ಸಡಿಲವಾಗುವುದು, ಬೇರೊಂದರಲ್ಲಿ ಕೈ ಪಳಗಿಸಿಕೊಳ್ಳುವುದು, ಮತ್ತು ಆ ಹೊತ್ತು ತನ್ನ ಇಷ್ಟದಂತೆ ನಡೆಯುತ್ತಿದೆ ಎಂಬ ಭಾವನೆ. ನಾವು ವಿಶ್ರಾಂತಿ ಎಂದಾಗ ಎರಡನೆಯದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಸೊನೆನ್‌ಟಾಗ್ ಮುಂದೆ ಇನ್ನೊಂದು ಮಾತನ್ನೂ ಎತ್ತಿ ತೋರಿಸಿದರು. ಯಾರಿಗೆ ಚೇತರಿಕೆ ಅತಿ ಹೆಚ್ಚು ಬೇಕೋ ಅವರೇ ಅದನ್ನು ಅತಿ ಕಡಿಮೆ ಮಾಡುತ್ತಾರೆ, ಏಕೆಂದರೆ ಅದಕ್ಕೂ ಸ್ವಲ್ಪ ತ್ರಾಣ ಬೇಕು. ನಿಮ್ಮ ಆರೂವರೆಯಿಂದ ಹನ್ನೆರಡರ ಕತೆ ಇದೇ. ಅದಕ್ಕಾಗಿ ನಿಮ್ಮನ್ನು ಸೋಮಾರಿ ಎಂದುಕೊಳ್ಳಬೇಡಿ.

ಮೊದಲು ದಿನವನ್ನು ಮುಗಿಸುವ ವಿಚಾರ. 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಸಂಶೋಧಕಿ, ಮುಗಿಸಿದ ಕೆಲಸಕ್ಕಿಂತ ನಡುವೆ ನಿಂತುಹೋದ ಕೆಲಸವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಬರೆದರು. 2011ರಲ್ಲಿ ಅಮೆರಿಕದ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಅದಕ್ಕೆ ಒಂದು ಉಪಯುಕ್ತ ಸಂಗತಿ ಸೇರಿಸಿದರು. ಕೆಲಸ ಮುಗಿಯಬೇಕೆಂದೇ ಇಲ್ಲ, ಅದನ್ನು ಯಾವಾಗ, ಹೇಗೆ ಮಾಡುತ್ತೇನೆಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಮನಸ್ಸು ಅದನ್ನು ಬಿಟ್ಟುಕೊಡುತ್ತದೆ. ಕೊಯ್ಲಿನ ಕಾಲದಲ್ಲಿ ತೋಟದ ಕೆಲಸ ಯಾವ ಸಂಜೆಯೂ ಮುಗಿಯುವುದಿಲ್ಲವಾದ್ದರಿಂದ ನಿಮಗೆ ಈ ಎರಡನೆಯದೇ ಮುಖ್ಯ.

ಹೀಗೆ ಮಾಡಿ. ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕ ಬೇರೆ, ಇದಕ್ಕೊಂದು ಚಿಕ್ಕ ನೋಟ್‌ಪುಸ್ತಕ ಬೇರೆ ಇರಲಿ. ತೂಕ ಮುಗಿದ ಮೇಲೆ ಕಣದಲ್ಲೇ ಐದು ನಿಮಿಷ ಕೂತು ನಾಳೆಯದನ್ನು ಬರೆಯಿರಿ. "ಜಗಳ ಬಗೆಹರಿಸಬೇಕು" ಎಂದು ಬರೆದರೆ ಉಪಯೋಗವಿಲ್ಲ, ಅದು ರಾತ್ರಿ ನಿಮ್ಮ ಜೊತೆಗೇ ಬರುತ್ತದೆ. "ಎಂಟು ಗಂಟೆಗೆ ಮೇಸ್ತ್ರಿಯನ್ನು ಕರೆದು ಇಬ್ಬರ ಎದುರೇ ಮತ್ತೆ ತೂಕ ಹಾಕಿಸುವುದು" ಎಂದು ಬರೆಯಿರಿ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಡೀಸೆಲ್ ಯಾರು ತರುತ್ತಾರೆ, ಚೀಲ ಎಷ್ಟು ಬೇಕು, ಯಾವ ಬ್ಲಾಕಿನಿಂದ ಶುರು, ಎಲ್ಲವೂ ಇಷ್ಟೇ ಬಿಡಿಬಿಡಿಯಾಗಿ ಇರಲಿ. ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪ್ರಯೋಗದಲ್ಲಿ, ಮಲಗುವ ಮುಂಚೆ ಐದು ನಿಮಿಷ ಮುಂದಿನ ಕೆಲಸಗಳ ಪಟ್ಟಿ ಬರೆದವರು, ಆಗಲೇ ಮುಗಿಸಿದ ಕೆಲಸಗಳ ಬಗ್ಗೆ ಬರೆದವರಿಗಿಂತ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಬೇಗ ಬಂದಿತ್ತು. ಬರೆದ ಪುಸ್ತಕವನ್ನು ಮನೆಗೆ ತರಬೇಡಿ, ಸ್ಟೋರ್ ರೂಮಿನಲ್ಲೇ ಇಟ್ಟು ಬೀಗ ಹಾಕಿ ಬನ್ನಿ.

ಹೀಗೆ ಕೆಲಸವನ್ನು ಕೆಳಗಿಟ್ಟು ಬರುವುದು ಕೊಡಗಿನವರಿಗೆ ಹೊಸತೇನಲ್ಲ. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳ ಜೊತೆ ಗದ್ದೆಯ ಸಲಕರಣೆಗಳನ್ನೂ ತೊಳೆದು, ಸಾಲಾಗಿ ಇಟ್ಟು ಪೂಜೆ ಮಾಡುವುದನ್ನು ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ಪಕ್ಕದ ಮನೆಯಲ್ಲಾದರೂ ನೋಡಿರುತ್ತೀರಿ. ಗದ್ದೆಯ ಬೇಸಾಯಕ್ಕೆ ಹಾಗೆ ಕೈಯಿಂದ ಸಲಕರಣೆ ಕೆಳಗಿಡುವ ಒಂದು ದಿನ ಗೊತ್ತಾಗಿತ್ತು. ಕಾಫಿ ಕೊಯ್ಲಿಗೆ ಅಂಥದ್ದೊಂದನ್ನು ಯಾರೂ ಕಟ್ಟಲಿಲ್ಲ. ಅರೇಬಿಕಾ ಜಾತಿಯ ಕಾಫಿ ಮುಗಿಯುವ ಮುಂಚೆ ರೊಬಸ್ಟಾ ಜಾತಿಯದು, ರೊಬಸ್ಟಾ ಮುಗಿಯುವಷ್ಟರಲ್ಲಿ ಹೂವು ಬಿಡಿಸಲು ಸ್ಪ್ರಿಂಕ್ಲರ್ ನೀರು.

ಇನ್ನು ಸಾಹುಕಾರ್ರ ಫೋನು. ಏಳರ ಮೇಲೆ ಎತ್ತಬೇಡಿ ಎಂದು ಬರೆಯುವುದು ನನಗೆ ಸುಲಭ, ಕೆಲಸ ಉಳಿಸಿಕೊಳ್ಳಬೇಕಾದವರು ನೀವು. ಅದಕ್ಕೆ ಬೇರೆ ದಾರಿ ಹಿಡಿಯಿರಿ, ನೀವೇ ಮೊದಲು ಮಾಡಿ. "ಸಾಹುಕಾರ್ರೇ, ದಿನಾ ಏಳು ಗಂಟೆಗೆ ನಾನೇ ಫೋನ್ ಮಾಡಿ ಇವತ್ತಿನ ಕೆಜಿ, ನಾಳೆಯ ಆಳು ಎಲ್ಲಾ ಹೇಳಿಬಿಡ್ತೇನೆ" ಎಂದು ಹೇಳಿ, ವಾರವಿಡೀ ತಪ್ಪದೆ ಹಾಗೇ ಮಾಡಿ. ಹೆಚ್ಚಿನ ತೋಟದವರು ರಾತ್ರಿ ಫೋನ್ ಮಾಡುವುದು ದರ್ಪಕ್ಕಲ್ಲ, ಆತಂಕಕ್ಕೆ. ವಿಷಯ ಮೊದಲೇ ಗೊತ್ತಾದರೆ ಎರಡನೆಯ ಮೂರನೆಯ ಕರೆ ತಾನಾಗಿ ಕಡಿಮೆಯಾಗುತ್ತದೆ. ಆಮೇಲೆ ಬರುವ ಕರೆ ಆನೆ ಬಂತು, ಬೆಂಕಿ ಬಿತ್ತು ಎಂಬಂಥದ್ದಕ್ಕೆ ಮಾತ್ರ ಎಂದು ಇಬ್ಬರ ನಡುವೆ ಒಂದು ತಿಳುವಳಿಕೆ ಬರಲಿ. ತೋಟದ ವಾಟ್ಸಾಪ್ ಗುಂಪಿನ ಸದ್ದು ಏಳರಿಂದ ಬೆಳಿಗ್ಗೆ ಐದರವರೆಗೆ ಬಂದ್.

ಮನೆಗೆ ಬಂದವರು ನೇರ ದಿವಾನಕ್ಕೆ ಹೋಗಬೇಡಿ. ಗಂಬೂಟು ಹೊರಗೇ ಬಿಟ್ಟು, ಕೈಕಾಲು ಮುಖ ತೊಳೆದು, ತೋಟದ ಬಟ್ಟೆ ಬದಲಿಸಿ. ನಮ್ಮ ಹಿರಿಯರು ಮೈಲಿಗೆ, ಜಿಗಣೆ ಎಂದೆಲ್ಲ ಕಾರಣ ಕೊಟ್ಟು ಮಾಡಿಸುತ್ತಿದ್ದ ಕೆಲಸವೇ, ಇಲ್ಲಿ ಅದು ತೋಟಕ್ಕೂ ಮನೆಗೂ ನಡುವಿನ ಗಡಿ. ಆಮೇಲೆ ಹದಿನೈದು ನಿಮಿಷ ಚಾಪೆಯ ಮೇಲೆ ಮಲಗಿ, ಹಿಮ್ಮಡಿಗಳನ್ನು ಗೋಡೆಗೆ ಆನಿಸಿ ಕಾಲು ಮೇಲಿಡಿ. ದಿನವಿಡೀ ನಿಂತವರ ಮೀನಖಂಡದಲ್ಲಿ, ಪಾದದಲ್ಲಿ ನಿಂತ ನೀರು, ರಕ್ತ ಇಳಿದು ಭಾರ ಕಡಿಮೆಯಾಗುತ್ತದೆ. ಎರಡೂ ಕಾಲು ಸಂಜೆ ಸ್ವಲ್ಪ ಊದಿಕೊಂಡು ಬೆಳಿಗ್ಗೆ ಇಳಿದರೆ ಚಿಂತೆಯಿಲ್ಲ. ಒಂದೇ ಕಾಲು ಊದಿ ನೋಯುತ್ತಿದ್ದರೆ ಮಾತ್ರ ತಿಕ್ಕಿಸಿಕೊಳ್ಳಲು ಹೋಗದೆ ಅವತ್ತೇ ಆಸ್ಪತ್ರೆಗೆ ಬನ್ನಿ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು.

ಸ್ನಾನವನ್ನು ಎಂಟೂವರೆ ಸುಮಾರಿಗೆ ಇಟ್ಟುಕೊಳ್ಳಿ. ಕೊಡಗಿನ ಮನೆಗಳಲ್ಲಿ ಹಂಡೆಯ ಬಿಸಿನೀರಿಗೆ ಬರವಿಲ್ಲ, ಈ ಚಳಿಯಲ್ಲಂತೂ ಅದಕ್ಕಿಂತ ಅಗ್ಗದ ಸುಖ ಇನ್ನೊಂದಿಲ್ಲ. ಮಲಗುವ ಒಂದೆರಡು ಗಂಟೆ ಮುಂಚೆ 40ರಿಂದ 42 ಡಿಗ್ರಿಯಷ್ಟು ಬಿಸಿಯಾದ ನೀರಿನಲ್ಲಿ ಹತ್ತು ನಿಮಿಷ ಮಿಂದರೆ ನಿದ್ದೆ ಸರಾಸರಿ ಹತ್ತು ನಿಮಿಷ ಬೇಗ ಬರುತ್ತದೆ ಎಂದು, ಹಲವಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2019ರ ವಿಶ್ಲೇಷಣೆ ಹೇಳುತ್ತದೆ. ಬಿಸಿನೀರು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಸ್ನಾನದ ನಂತರ ಒಳಗಿನ ಶಾಖ ಅವುಗಳ ಮೂಲಕ ಹೊರಹೋಗಿ ಮೈಯ ಒಳತಾಪ ಇಳಿಯುತ್ತದೆ, ಆ ಇಳಿತವೇ ನಿದ್ದೆಯನ್ನು ಕರೆಯುತ್ತದೆ. ಮಿಂದ ಕೂಡಲೇ ಮಲಗಿದರೆ ಇಷ್ಟು ಪ್ರಯೋಜನವಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ನೀರಿನ ಬಿಸಿಯನ್ನು ಕಾಲಿನಿಂದ ಅಳೆಯಬಾರದು, ಮೊಣಕೈ ಅದ್ದಿ ನೋಡಬೇಕು.

ಕಾಫಿಯ ವಿಷಯ ಕೊಡಗಿನಲ್ಲಿ ಕೂತು ಬರೆಯುವುದು ಸ್ವಲ್ಪ ಕಷ್ಟವೇ. ದಣಿದಾಗ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರಿಕೊಂಡು ತೂಕಡಿಕೆ ತರುತ್ತದೆ. ಕೆಫೀನ್ ಅದು ಕೂರಬೇಕಾದ ಜಾಗದಲ್ಲಿ ತಾನು ಕೂತು, ದಣಿವು ನಿಮಗೆ ತಿಳಿಯದಂತೆ ಮಾಡುತ್ತದೆ. ದಣಿವು ಅಲ್ಲೇ ಇರುತ್ತದೆ. ಕುಡಿದ ಕೆಫೀನಿನ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಆರೂವರೆಯ ಲೋಟದಲ್ಲಿ 100 ಮಿಲಿಗ್ರಾಂ ಇತ್ತು ಎಂದಿಟ್ಟುಕೊಂಡರೆ ಹನ್ನೊಂದೂವರೆಗೆ ಇನ್ನೂ 50 ಉಳಿದಿರುತ್ತದೆ. ಅದರ ಮೇಲೆ ನಿಮ್ಮ ಮನೆಯ ಪುಡಿ ಬಹುಶಃ ತೋಟದ್ದೇ ರೊಬಸ್ಟಾ. ಅರೇಬಿಕಾಕ್ಕಿಂತ ಅದರಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. 2013ರ ಒಂದು ಅಧ್ಯಯನದಲ್ಲಿ ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರೂ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಕಳೆದುಕೊಂಡರು. ಅದು ದೊಡ್ಡ ಪ್ರಮಾಣ ನಿಜ, ಆದರೆ ಬೆಳಿಗ್ಗೆಯಿಂದ ಕುಡಿದದ್ದನ್ನೆಲ್ಲ ಕೂಡಿಸಿ ನೋಡಿದರೆ ನೀವು ಅದರಿಂದ ಬಹಳ ದೂರವಿರಲಾರಿರಿ.

ಕಾಫಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಮೂರು ಗಂಟೆಯ ಬೆಲ್ಲದ ಕಾಫಿ ದಿನದ ಕೊನೆಯದಾಗಲಿ. ಸಂಜೆ ಕೈಗೆ ಬಿಸಿ ಲೋಟ ಬೇಕೇ ಬೇಕು ಎನಿಸಿದರೆ ಮಜ್ಜಿಗೆಗೆ ಇಂಗು ಒಗ್ಗರಣೆ ಹಾಕಿ ಬೆಚ್ಚಗೆ ಮಾಡಿಸಿ, ಇಲ್ಲವೇ ಜೀರಿಗೆ ಕಷಾಯ, ಶುಂಠಿ ಬೆಲ್ಲದ ನೀರು ಕುಡಿಯಿರಿ. ಮೊದಲ ಮೂರು ನಾಲ್ಕು ದಿನ ತಲೆನೋವು ಬರಬಹುದು, ಹೆದರಬೇಡಿ.

ಮೊಬೈಲ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪರದೆಯ ಬೆಳಕಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಿಮ್ಮ ವಿಷಯದಲ್ಲಿ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ನಾಲ್ಕನೆಯ ಅನುಭವ, ಹೊತ್ತು ತನ್ನ ಇಷ್ಟದಂತೆ ನಡೆಯುತ್ತಿದೆ ಎಂಬ ಭಾವನೆ. ಬೆಳಿಗ್ಗೆ ಐದರಿಂದ ನಿಮ್ಮ ಹೊತ್ತು ನಿಮ್ಮದಲ್ಲ: ಸಾಹುಕಾರ್ರದು, ಆಳುಗಳದು, ಆಮೇಲೆ ಮನೆಯದು. ಎಲ್ಲರೂ ಮಲಗಿದ ಮೇಲೆ ಸಿಗುವ ಒಂದೆರಡು ಗಂಟೆ ಮಾತ್ರ ನಿಮ್ಮದು, ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ. ನಿದ್ದೆ ಕಳೆದುಕೊಂಡಾದರೂ ಅದನ್ನು ಹಿಡಿದುಕೊಳ್ಳುತ್ತೀರಿ. ಹಾಗಿರುವಾಗ ಹತ್ತಕ್ಕೆ ಮೊಬೈಲ್ ಇಟ್ಟುಬಿಡಿ ಎಂದರೆ ಇರುವ ಒಂದನ್ನೂ ಕಿತ್ತುಕೊಂಡಂತೆ. ಆ ಗಂಟೆಯನ್ನು ಮುಂಚೆ ತಂದುಕೊಳ್ಳಿ. ಏಳೂಕಾಲರಿಂದ ಎಂಟೂಕಾಲರವರೆಗೆ ನನ್ನದು ಎಂದು ಮನೆಯಲ್ಲಿ ಹೇಳಿ ಇಟ್ಟುಕೊಳ್ಳಿ. ಬೇಕಾದರೆ ಅದರಲ್ಲಿ ಅರ್ಧ ಮೊಬೈಲಿಗೇ ಹೋಗಲಿ.

ಉಳಿದರ್ಧ ತೋಟಕ್ಕೆ ಸಂಬಂಧವೇ ಇಲ್ಲದ, ಕೈ ಮತ್ತು ಕಣ್ಣು ಎರಡನ್ನೂ ಕೇಳುವ ಕೆಲಸಕ್ಕೆ. ಕೇರಂ ಆಗಬಹುದು, ಮಗಳನ್ನೂ ಕೂರಿಸಿಕೊಳ್ಳಿ. ಸ್ಟ್ರೈಕರ್ ಹಿಡಿದಿರುವಾಗ ತೂಕದ ಲೆಕ್ಕ ಮಾಡಲು ಆಗುವುದಿಲ್ಲ. ಕೊಡವರ ದುಡಿ ವಾದ್ಯ ಬಾರಿಸಲು ಕಲಿಯಬಹುದು, ಹಳೇ ರೇಡಿಯೊ ಬಿಚ್ಚಿ ಜೋಡಿಸಬಹುದು, ಭಾನುವಾರ ಕೆರೆಗೆ ಗಾಳ ಹಾಕಿ ಕೂರಬಹುದು. ಸ್ವಲ್ಪ ಕಷ್ಟ, ಸ್ವಲ್ಪ ಸ್ವಲ್ಪವೇ ಕೈಗೆ ಬರುತ್ತಿದೆ ಎನ್ನುವಂತಿರಬೇಕು, ಅಷ್ಟೇ. ತಲೆ ಕೆಲಸದಿಂದ ಕಳಚಿಕೊಳ್ಳುವುದು ಹೀಗೆ ಬೇರೊಂದಕ್ಕೆ ಸಿಕ್ಕಿಕೊಂಡಾಗ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಅದು ನಡೆದ ಬೇಸಿಗೆಗಳಲ್ಲಿ ನಡುವಯಸ್ಸಿನವರೂ ಸ್ಟಿಕ್ ಹಿಡಿದು ಇಳಿಯುವುದನ್ನು ನೋಡುತ್ತೇವೆ. ಓಟಕ್ಕಿಂತ ಹೆಚ್ಚಾಗಿ ಆ ಮರೆವೇ ಅವರನ್ನು ಎಳೆಯುವುದು ಎಂದು ನನ್ನ ಊಹೆ. ನಿಮಗೂ ಆಟದ ರೂಢಿಯಿದ್ದರೆ ಕೊಯ್ಲು ಮುಗಿದ ಮೇಲೆ ಶುರು ಮಾಡಿ, ಈಗ ಬೇಡ, ಕಾಲಿಗೆ ಸಾಕಷ್ಟು ಆಗಿದೆ.

"ಹಸಿರಿನ ನಡುವೆ ನಡೆಯಿರಿ" ಎಂಬ ಸಲಹೆ ನೀವು ಎಲ್ಲೋ ಓದಿರಬಹುದು. ಜಪಾನಿನಲ್ಲಿ 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆಯೇ ಅದಕ್ಕೆ ಅರಣ್ಯಸ್ನಾನ ಎಂದು ಹೆಸರಿಟ್ಟು ಪ್ರಚಾರಕ್ಕೆ ತಂದಿತು. ಬೆಂಗಳೂರಿನವರು ಶುಕ್ರವಾರ ರಾತ್ರಿ ಕಾರು ಹತ್ತಿ ನಮ್ಮಲ್ಲಿಗೆ ಬರುವುದೂ ಅದಕ್ಕೇ. ಅವರಿಗೆ ಅದು ಒಳ್ಳೆಯದೇ. ನಿಮಗೆ ಸಿಲ್ವರ್ ಮರ ಕಂಡರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಇಳುವರಿ ನೆನಪಾಗುತ್ತದೆ. ಜೊತೆಗೆ ಸಿದ್ದಾಪುರದ ಕಡೆ ಮುಸ್ಸಂಜೆ ಮೇಲೆ ತೋಟದ ದಾರಿಯಲ್ಲಿ ಒಬ್ಬರೇ ನಡೆಯಿರಿ ಎಂದು ಯಾವ ಡಾಕ್ಟರೂ ಹೇಳಬಾರದು, ಆನೆಗಳಿಗೂ ಅದೇ ಹೊತ್ತು. ಊಟವಾದ ಮೇಲೆ ಮನೆಯಂಗಳದಲ್ಲಿ ಹತ್ತು ನಿಮಿಷ ಓಡಾಡಿದರೆ ಸಾಕು.

ಮೂರು ಪೆಗ್ಗಿನ ವಿಚಾರ. ಮದುವೆ, ನಾಮಕರಣ, ತಿಥಿ ಎಲ್ಲದಕ್ಕೂ ಗ್ಲಾಸು ಬರುವ ಊರಿನಲ್ಲಿ ನಾನು ಉಪದೇಶಕ್ಕೆ ಕೂರುವುದಿಲ್ಲ, ನಡೆಯುವುದೇನೆಂದು ಮಾತ್ರ ಹೇಳುತ್ತೇನೆ. ಮದ್ಯ ಬೇಗ ಮಲಗಿಸುತ್ತದೆ, ರಾತ್ರಿಯ ಮೊದಲರ್ಧ ಗಾಢ ನಿದ್ದೆಯೂ ಬರುತ್ತದೆ. ಮೈ ಅದನ್ನು ಕರಗಿಸಿ ಮುಗಿಸಿದ ಮೇಲೆ ಎರಡನೆಯ ಅರ್ಧದಲ್ಲಿ ನಿದ್ದೆ ಚೂರುಚೂರು: ಬಾಯಾರಿಕೆ, ಮೂತ್ರ, ಬೆವರು, ಎರಡು ಗಂಟೆಗೆ ಎಚ್ಚರ. ಗಂಟಲಿನ ಸ್ನಾಯು ಸಡಿಲವಾಗಿ ಗೊರಕೆಯೂ ಹೆಚ್ಚುತ್ತದೆ. ಶನಿವಾರ ಚೆನ್ನಾಗಿ ನಿದ್ದೆ ಬಂತೆಂದು ನಿಮಗನಿಸುವುದು ಮಲಗಿದ್ದು ನೆನಪಿಲ್ಲದ್ದರಿಂದ, ಮತ್ತು ಭಾನುವಾರ ತಡವಾಗಿ ಏಳುವುದರಿಂದ. ಕುಡಿಯುವುದಾದರೆ ಊಟದ ಜೊತೆ, ಮಲಗುವ ಮೂರು ನಾಲ್ಕು ಗಂಟೆ ಮುಂಚೆ, ಮೂರರ ಬದಲು ಒಂದು. ಮನೆ ವೈನ್ ಆದರೂ ಲೆಕ್ಕ ಅದೇ. "ಹಾಕಿದರೆ ಮಾತ್ರ ನಿದ್ದೆ" ಎಂದು ಬರೆದಿದ್ದೀರಲ್ಲ, ಆ ಮಾತು ವಾರದಲ್ಲಿ ಒಂದು ದಿನದಿಂದ ಮೂರು ದಿನಕ್ಕೆ ಹೋದರೆ ನನ್ನ ಬಳಿ ಬನ್ನಿ.

ನಿದ್ದೆಗೆ ಬಂದರೆ, ನಿಮಗೀಗ ಸಿಗುತ್ತಿರುವುದು ಐದು ಗಂಟೆ. ದೊಡ್ಡವರಿಗೆ ಏಳಾದರೂ ಬೇಕು. ಐದಕ್ಕೆ ಏಳಲೇಬೇಕಾದ್ದರಿಂದ ಹತ್ತಕ್ಕೆ ಮಲಗಬೇಕು, ಒಂದೇ ದಿನಕ್ಕೆ ಆಗುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದೆ ತನ್ನಿ. ಭಾನುವಾರ ಒಂದು ಗಂಟೆ ಹೆಚ್ಚು ಮಲಗಿದರೆ ಅಡ್ಡಿಯಿಲ್ಲ, ಹತ್ತರವರೆಗೆ ಮಲಗಿದರೆ ಅವತ್ತಿನ ರಾತ್ರಿ ಕೆಡುತ್ತದೆ. ಹಾಸಿಗೆಯಲ್ಲಿ ಲೆಕ್ಕ ಮತ್ತೆ ಶುರುವಾದರೆ ಉಸಿರನ್ನು ನಾಲ್ಕು ಎಣಿಸುವಷ್ಟು ಹೊತ್ತು ಒಳಗೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ನಿಮಿಷಕ್ಕೆ ಆರು ಉಸಿರಾಗುತ್ತದೆ, ಉಸಿರು ಬಿಡುವಾಗ ಎದೆಬಡಿತ ತಾನಾಗಿ ಇಳಿಯುತ್ತದೆ. ಉಸಿರಾಟ ಒಗ್ಗದವರಿಗೆ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಸುಮಾರು ನೂರು ವರ್ಷದ ಹಿಂದೆ ರೂಪಿಸಿದ ವಿಧಾನವಿದೆ: ಪಾದದಿಂದ ಶುರು ಮಾಡಿ ಒಂದೊಂದೇ ಭಾಗದ ಸ್ನಾಯುಗಳನ್ನು ಐದಾರು ಸೆಕೆಂಡು ಬಿಗಿ ಹಿಡಿದು ಒಮ್ಮೆಲೇ ಬಿಡುವುದು, ಹಾಗೇ ಮೀನಖಂಡ, ತೊಡೆ, ಹೊಟ್ಟೆ, ಕೈ, ಭುಜ, ಮುಖ. ತೋಟ ಸುತ್ತಿ ಬಂದ ಮೈಗೆ ಇದು ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ. ತೊಡೆ ತಲುಪುವಷ್ಟರಲ್ಲೇ ಎಷ್ಟೋ ಜನ ಮಲಗಿಬಿಡುತ್ತಾರೆ.

ನೀವು ಬರೆಯದ ಒಂದು ವಿಷಯ ಕೇಳುತ್ತೇನೆ. ನೀವು ದಿವಾನದ ಮೇಲಿರುವಾಗ ನಿಮ್ಮ ಮನೆಯವರು ಎಲ್ಲಿರುತ್ತಾರೆ? ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ, ಮಗಳ ಹೋಂವರ್ಕ್ ನೋಡುತ್ತಾ ಇದ್ದರೆ ಅವರ ಕೆಲಸದ ದಿನ ಇನ್ನೂ ಮುಗಿದಿಲ್ಲ. ನಿಮ್ಮ ಒಂದು ಗಂಟೆಯ ಹಾಗೆ ಅವರಿಗೂ ಒಂದು ಗಂಟೆ ಗೊತ್ತುಮಾಡಿ, ಆಗ ಮಗಳು ಮತ್ತು ಅಡುಗೆಮನೆ ನಿಮ್ಮ ಪಾಲಿಗೆ. ಕೈಕಾಲು ತೊಳೆದು, ಕಾಲು ಮೇಲಿಟ್ಟು ಎದ್ದ ಮೇಲೆ ಮಗಳು ಬಂದರೆ ನೀವು ಅಷ್ಟು ರೇಗಲಾರಿರಿ ಎಂದುಕೊಂಡಿದ್ದೇನೆ. ಅಷ್ಟರವರೆಗೆ "ಹದಿನೈದು ನಿಮಿಷ ತಾಳು ಮಗಳೇ, ಬರ್ತೇನೆ" ಎಂದರೆ ಮಕ್ಕಳು ಕೇಳುತ್ತಾರೆ, ಹೇಳಿದ ಹೊತ್ತಿಗೆ ಹೋದರೆ.

ಇಷ್ಟನ್ನೂ ಮೂರು ನಾಲ್ಕು ವಾರ ಮಾಡಿ ನೋಡಿ. ಏಳು ಗಂಟೆ ಮಲಗಿಯೂ ಬೆಳಿಗ್ಗೆ ಸೋತುಹೋದಂತಿದ್ದರೆ ಅದು ಬರೀ ಕೆಲಸದ ದಣಿವಲ್ಲದಿರಬಹುದು. ರಕ್ತದ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿ. ಗೊರಕೆಯ ನಡುವೆ ಉಸಿರು ನಿಂತು ಬೆಚ್ಚಿ ಏಳುತ್ತೀರಾ ಎಂದು ಮನೆಯವರನ್ನು ಕೇಳಿ, ಹೌದೆಂದರೆ ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ಊಟ ರುಚಿಸುವುದಿಲ್ಲ, ಬದುಕೇ ಸಾಕು ಎನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಸರ್ಕಾರದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಟಾನಿಕ್: ಸೀಸೆಯ ಮೇಲೆ ಬರೀ ಬಿ ಕಾಂಪ್ಲೆಕ್ಸ್ ಎಂದಿದ್ದರೆ ಕುಡಿದರೂ ತೊಂದರೆಯಿಲ್ಲ, ಆದರೆ ಮೈಯಲ್ಲಿ ಕೊರತೆಯಿಲ್ಲದಿದ್ದರೆ ಅದರಿಂದ ದಣಿವು ಆರುವುದಿಲ್ಲ, ಮೂತ್ರ ಹಳದಿಯಾಗುತ್ತದೆ ಅಷ್ಟೇ. ಬೇರೇನಾದರೂ ಸೇರಿದ್ದರೆ, ಅಥವಾ ಅದರ ಜೊತೆ ನಿದ್ದೆಗೆಂದು ಮಾತ್ರೆ ಕೊಟ್ಟಿದ್ದರೆ, ಕುಡಿಯುವ ಮುಂಚೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ. ಶನಿವಾರದ ಪೆಗ್ಗಿನ ಜೊತೆ ನಿದ್ದೆ ಮಾತ್ರೆ ಮಾತ್ರ ಖಂಡಿತ ಬೇಡ.